ದೂಮಣ್ಣನ ಎಲೆಯ ಎದುರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೂಮಣ್ಣನ ಬೊಜ್ಜದ ದಿನ, ಅಂದರೆ ಹದಿಮೂರನೆಯ ದಿನದ ಕ್ರಿಯೆಯಂದು, ಸತ್ತವರಿಗೆ ಎಲೆ ಬಡಿಸಿ ಬಾಗಿಲು ಮುಚ್ಚುವ ಕೋಣೆಯೊಳಗೆ ಭತ್ತದ ಪೆಟ್ಟಿಗೆಯ ಹಿಂದೆ ಅಡಗಿ ಕೂತಿದ್ದ ಕತ್ತೆ ನಾನೇ. ಯಾರೂ ನನ್ನನ್ನು ಕಳಿಸಿರಲಿಲ್ಲ. ಸತ್ತವರು ಬರುವುದೂ ಇಲ್ಲ, ಉಣ್ಣುವುದೂ ಇಲ್ಲ ಎಂದು ನಾನು ಊರಿಡೀ ಭಾಷಣ ಬಿಗಿಯುತ್ತಿದ್ದೆ. ಅದನ್ನು ಕಣ್ಣಾರೆ ಕಂಡು ಬಂದು ಹೇಳಿದರೆ ಇನ್ನೂ ದೊಡ್ಡ ಜನ ಆಗುತ್ತೇನೆ ಎಂಬ ಆಸೆ. ಆ ಎಲೆಗೆ ಕೋಳಿ ಬಡಿಸುತ್ತಾರೆ ಎಂಬ ಸಂಗತಿಯೂ ನನಗೆ ತಿಳಿದಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ನನ್ನ ಕಸುಬು ಬಂಟ್ವಾಳದಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತಿಕೆ. ನನ್ನ ರೋಗ, ಕಂಡಕಂಡವರ ಸ್ವರ ತೆಗೆಯುವುದು, ಅಂದರೆ ಥೇಟ್ ಅವರ ಹಾಗೆಯೇ ಮಾತಾಡುವುದು. ಪೋಸ್ಟ್ ಮಾಸ್ಟರು, ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು, ಗಂಟಲು ಕಟ್ಟಿದ ನಮ್ಮ ವಕೀಲರು, ಯಾರನ್ನೂ ಬಿಟ್ಟವನಲ್ಲ. ರಜೆಯಲ್ಲಿ ಶಿರ್ತಾಡಿಯ ಮನೆಗೆ ಹೋಗಿ ನನ್ನ ಸ್ವಂತ ಸ್ವರದಲ್ಲಿ ಕರೆದರೆ ನನ್ನ ತಾಯಿ ಒಳಗಿನಿಂದ, "ಯಾರದು?" ಎನ್ನುತ್ತಿದ್ದರು.

ದೂಮಣ್ಣ ನಮ್ಮ ನೆರೆಮನೆಯವರು. ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಓಡುತ್ತಿದ್ದ ಬಸ್ಸಿನ ಡ್ರೈವರ್. ಕೈಯಲ್ಲಿ ಹ್ಯಾಂಡ್ಲು ತಿರುವಿ ಎಬ್ಬಿಸಬೇಕಾಗಿದ್ದ ಆ ಬಸ್ಸನ್ನು ಅವರು ಎಮ್ಮೆಯನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದರು. ಬಸ್ಸು ತಪ್ಪಿತೆಂದು ಗದ್ದೆಯ ಬದುವಿನಲ್ಲಿ ಅಜ್ಜಿಯೊಬ್ಬಳು ಕೈಬೀಸಿದರೆ ಅರ್ಧ ಫರ್ಲಾಂಗು ಹಿಂದಕ್ಕೆ ಬಂದಾರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮಗಳು ಸುಮತಿ ಶಾಲೆಗೆ ಹೋಗುವಾಗ ಎಂಜಿನಿನ ಪಕ್ಕದ ಸೀಟಿನಲ್ಲಿ ಕೂತು ಅವರಿಗೆ ಪೇಪರು ಓದಿ ಹೇಳಬೇಕು. ನೆಹರೂ ಏನೆಂದರು ಎಂದು ತಿಳಿಯದೆ ಬಸ್ಸು ಏರು ಹತ್ತುತ್ತಿರಲಿಲ್ಲ. ವೇಣೂರು ಬರುವ ಮೊದಲಿನ ತಿರುವಿನಲ್ಲಿ ರಬ್ಬರಿನ ಹಾರ್ನನ್ನು ಎರಡು ಸಲ ಹಿಂಡುತ್ತಿದ್ದರು. ಅದು ಚಾದಂಗಡಿಯ ಮುಸಲ್ಮಾನ ಹಮ್ಮಬ್ಬ ಬ್ಯಾರಿಗೆ, ನೀರು ಕಾಯಿಸು ಎಂಬ ಸೂಚನೆ. ಇಬ್ಬರದ್ದೂ ಇಪ್ಪತ್ತು ವರ್ಷಗಳ ಸ್ನೇಹ.

ನಾನು ಅವರ ಎದುರಿಗೇ ಅವರ ಸ್ವರ ತೆಗೆದರೆ ದೂಮಣ್ಣ ಸಿಟ್ಟಾಗುತ್ತಿರಲಿಲ್ಲ. ಹೊಟ್ಟೆ ಕುಣಿಸಿ ನಕ್ಕು ಹೆಂಡತಿ ಕಮಲಕ್ಕನನ್ನು ಕರೆದು, "ಇಗೋ, ನಾನು ಡ್ಯೂಟಿಗೆ ಹೋದಾಗ ಬೈಯಲಿಕ್ಕೆ ಜನ ಇಲ್ಲ ಅಂತ ಬೇಸರ ಮಾಡಬೇಡ, ಇವನನ್ನು ಕೂರಿಸಿಕೋ" ಎನ್ನುತ್ತಿದ್ದರು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅವರು ಹೋದದ್ದು. ಬೆಳ್ತಂಗಡಿಗೆ ಇನ್ನೆರಡು ಮೈಲಿ ಇರುವಾಗ ಬಸ್ಸನ್ನು ಜೋಪಾನವಾಗಿ ಬದಿಗೆ ತಂದು, ಬ್ರೇಕು ಎಳೆದು, ಸ್ಟೀರಿಂಗಿನ ಮೇಲೆ ತಲೆಯಿಟ್ಟರಂತೆ. ಪ್ರಯಾಣಿಕರು, ಪಾಪ ಸುಸ್ತಾಗಿದೆ, ಮಲಗಲಿ ಎಂದು ಕಾಲು ಗಂಟೆ ಸದ್ದಿಲ್ಲದೆ ಕೂತಿದ್ದರಂತೆ.

ಆದರೆ ಆ ಬೆಳಿಗ್ಗೆ ಮನೆಯಲ್ಲಿ ಒಂದು ಜಗಳ ನಡೆದಿತ್ತು. ಹಿಂದಿನ ದಿನ ಬಸ್ಸು ತುಂಬಿದೆ ಎಂದು ದೂಮಣ್ಣ ಕಮಲಕ್ಕನ ತಮ್ಮ ಶೀನಣ್ಣನನ್ನೇ ವೇಣೂರಿನಲ್ಲಿ ಬಿಟ್ಟು ಬಂದಿದ್ದರು. "ನನ್ನ ತಮ್ಮನಿಗೆ ಜಾಗ ಇಲ್ಲದ ಬಸ್ಸಿನವರಿಗೆ ನನ್ನ ಗಂಜಿಯೂ ಇಲ್ಲ" ಎಂದು ಕಮಲಕ್ಕ ಮಡಕೆ ಮುಚ್ಚಿದರು. ದೂಮಣ್ಣ ನಗುತ್ತಲೇ ಹೊರಟರು. ಮಧ್ಯಾಹ್ನಕ್ಕೆ ಸುದ್ದಿ ಬಂತು. ಅಂದಿನಿಂದ ಕಮಲಕ್ಕನ ಬಾಯಲ್ಲಿ ಒಂದೇ ಮಾತು: "ಹಸಿದ ಹೊಟ್ಟೆಯಲ್ಲಿ ಕಳಿಸಿದೆನಲ್ಲ." ಬಟ್ಟಲ ಮುಂದೆ ಕೂರುತ್ತಾರೆ, ಕೈ ಬಾಯಿಗೆ ಹೋಗುವುದಿಲ್ಲ. ಹನ್ನೆರಡು ದಿನಗಳಲ್ಲಿ ಅರ್ಧ ಆಳಾಗಿದ್ದರು. ಹೀಗೇ ಆದರೆ ಈ ತಿಂಗಳು ದಾಟುವುದಿಲ್ಲ ಎಂದು ನನ್ನ ತಾಯಿ ಹೆದರಿದ್ದರು. ಸುಮತಿಯೂ ಅಷ್ಟೇ ಹೆದರಿ, ಅಳುವುದನ್ನು ಬಿಟ್ಟು ತಾಯಿಯನ್ನು ಕಾಯುತ್ತಿದ್ದಳು.

ಬೊಜ್ಜದ ದಿನ ಹನ್ನೊಂದೂವರೆ ಹೊತ್ತಿಗೆ ಎಲೆ ಬಡಿಸಿದರು. ದೂಮಣ್ಣನಿಗೆ ಪ್ರೀತಿಯಾದದ್ದೆಲ್ಲ ಅದರಲ್ಲಿತ್ತು. ಬಾಗಿಲು ಮುಚ್ಚಿತು. ಹೊರಗೆ ಮನೆಯವರು, ಚಪ್ಪರದಲ್ಲಿ ಊರವರು ನಿಂತಿದ್ದರು. ಒಳಗೆ ನಾನು ಒಂದು ಕೋಳಿ ಕಾಲನ್ನು ಆಗಲೇ ಪರೀಕ್ಷಿಸಿ ಮುಗಿಸಿದ್ದೆ. ಶೀನಣ್ಣ ಹೊರಗಿನಿಂದ ಕ್ರಮಪ್ರಕಾರ, "ಭಾವ, ಉಂಡು ತೃಪ್ತರಾಗಿ. ಕುಂದುಕೊರತೆ ಏನಾದರೂ ಉಂಟಾದರೆ ಹೊಟ್ಟೆಗೆ ಹಾಕಿಕೊಳ್ಳಿ" ಎಂದರು.

ಇಂಥ ಅವಕಾಶ ನನ್ನಂಥವನ ಆಯುಸ್ಸಿನಲ್ಲಿ ಎರಡನೆಯ ಸಲ ಬರುತ್ತದೆಯೇ? ದೂಮಣ್ಣ ದಿನಾ ಊಟಕ್ಕೆ ಕೂತು ಹೇಳುತ್ತಿದ್ದ ಮಾತು, "ಉಪ್ಪು ಸಾಲದು." ಅದನ್ನು ಹೇಳಿ ಎಲ್ಲರನ್ನೂ ಅಂಗಳ ದಾಟಿಸುವುದೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಮಲಕ್ಕ ಬಾಗಿಲಿಗೆ ಹಣೆಯಿಟ್ಟು, "ಹಸಿದೇ ಹೋದಿರಲ್ಲ" ಎಂದರು. ತೆರೆದ ಬಾಯಿ ಮಾತಾಡಿತು. ಆದರೆ ನಾನು ಸಿದ್ಧಮಾಡಿಕೊಂಡ ಮಾತನ್ನಲ್ಲ.

"ಹಸಿದು ಹೋದದ್ದಲ್ಲ ಮಾರಾಯ್ತಿ. ಹಮ್ಮಬ್ಬನ ಮನೆಯೊಳಗೆ ಕೂತು ಬಂಗುಡೆ ಮೀನಿನ ಸಾರಲ್ಲಿ ನಾಲ್ಕು ಪತ್ತಿರ್ ರೊಟ್ಟಿ ತಿಂದಿದ್ದೇನೆ. ನೀನು ಊಟ ಮಾಡು."

ಸ್ವರ ನನ್ನ ಗಂಟಲಿನಿಂದಲೇ ಬಂದದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ನನ್ನ ಕಿವಿಗೆ ಅದು, ಪಕ್ಕದಲ್ಲಿ ಕೂತ ಬೇರೆಯವರ ಮಾತು ಬಿದ್ದ ಹಾಗೆ ಬಿತ್ತು. ಪತ್ತಿರಿನ ವಿಷಯ ನನಗೆ ಹೇಗೆ ಗೊತ್ತು? ದೂಮಣ್ಣ ತೀರಿಹೋದ ದಿನ ನಾನು ಬಂಟ್ವಾಳದಲ್ಲಿ ಕಾಗದ ನಕಲು ಮಾಡುತ್ತಿದ್ದೆ. ಹಮ್ಮಬ್ಬನ ಮನೆಯ ಹೊಸ್ತಿಲನ್ನು ಆವರೆಗೆ ನಾನು ತುಳಿದವನೇ ಅಲ್ಲ.

ಹೊರಗೆ ಚಪ್ಪರದ ಮೂಲೆಯಿಂದ ಹಮ್ಮಬ್ಬನ ಸ್ವರ ಕೇಳಿಸಿತು. "ನಾಲ್ಕಲ್ಲ ಕಮಲಕ್ಕ, ಐದು. ಸತ್ತ ಮೇಲೂ ಇವನು ತಿಂದದ್ದನ್ನು ಕಡಿಮೆ ಹೇಳ್ತಾನೆ."

ಮೊದಲು ನಕ್ಕವರು ಯಾರೋ ತಿಳಿಯದು. ಬಾಗಿಲಾಚೆ ಕಮಲಕ್ಕ ನಗುತ್ತಿದ್ದರು, ಅಳುತ್ತಲೂ ಇದ್ದರು, ಸುಮತಿಯೂ ಸೇರಿಕೊಂಡಳು. ಹಮ್ಮಬ್ಬ ಹೇಳುತ್ತಿದ್ದ: "ನಿಮ್ಮ ಗಂಜಿ ಬಿಟ್ಟು ನನ್ನ ಮನೆಯಲ್ಲಿ ಉಂಡ ಅಂತ ನಾನು ಹೇಗೆ ಹೇಳುವುದು? ಅದೂ ನಿಮ್ಮ ಜಾತಿಯ ಹಿರಿಯರೆಲ್ಲ ಇರುವಾಗ. ನನ್ನ ಹೆಂಡತಿಗೂ ಬಾಯಿ ಬಿಡಬೇಡ ಅಂದಿದ್ದೆ." ಹಿರಿಯರ ಪೈಕಿ ಒಬ್ಬರು ಕೆಮ್ಮಿದರು. ಕಮಲಕ್ಕ ಅತ್ತ ತಿರುಗಿ, "ಉಂಡದ್ದು ಅವರ ಹೊಟ್ಟೆ, ನಿಮಗೇನು ಅಜೀರ್ಣ?" ಎಂದರು. ಕೆಮ್ಮು ನಿಂತಿತು.

ನಾನು ಕೋಣೆಯ ಹಿಂಬಾಗಿಲಿನಿಂದ ದನದ ಹಟ್ಟಿಗೆ ಹಾರಿ, ಬಳಸಿ ಬಂದು ಊಟದ ಪಂಕ್ತಿಯ ಕೊನೆಯಲ್ಲಿ ಕೂತೆ. ಕಮಲಕ್ಕ ಆ ದಿನ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ನಾನಾದರೋ ಎಲೆಯನ್ನು ಮುಟ್ಟಲಾರದೆ ಎದ್ದೆ. ಬದುಕಿನಲ್ಲಿ ನಾನು ಊಟ ಬಿಟ್ಟದ್ದು ಅದೊಂದೇ ಸಲ.

ಆಮೇಲೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಹಮ್ಮಬ್ಬನ ಬಗ್ಗೆ ಯಾರಾದರೂ ನನ್ನ ಕಿವಿಯಲ್ಲಿ ಊದಿದ್ದರೆ? ಹಮ್ಮಬ್ಬನ ಹೆಂಡತಿಯನ್ನೂ ಕೇಳಿ ನೋಡಿದೆ, ಅವರು ದೇವರಾಣೆ ಹಾಕಿ ಯಾರಿಗೂ ಹೇಳಿಲ್ಲ ಎಂದರು. ದೂಮಣ್ಣ ಅಲ್ಲಿ ಉಣ್ಣುವವರೆಂದು ನಾನೇ ಊಹಿಸಿದೆನೇ? ಊಹಿಸಿದರೂ ಬಂಗುಡೆ ಎಲ್ಲಿಂದ ಬಂತು? ಭೂತಪ್ರೇತಗಳನ್ನು ನಾನು ಈಗಲೂ ನಂಬುವವನಲ್ಲ. ಆದರೆ ಭಾಷಣ ನಿಲ್ಲಿಸಿದ್ದೇನೆ. ದೂಮಣ್ಣನ ಸ್ವರ ತೆಗೆಯಲು ಹೋದರೆ ಈಗ ಪೋಸ್ಟ್ ಮಾಸ್ಟರರದ್ದು ಬರುತ್ತದೆ.

ಹೋದ ವರ್ಷ ಸುಮತಿಯ ಮದುವೆಯ ಮರುದಿನ, ಚಪ್ಪರ ಬಿಚ್ಚುತ್ತಿರುವಾಗ, ತಡೆಯಲಾರದೆ ಕಮಲಕ್ಕನ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟೆ. ಪೆಟ್ಟು ಬಿದ್ದೀತೆಂದು ಒಂದು ಹೆಜ್ಜೆ ಹಿಂದೆ ನಿಂತೇ ಹೇಳಿದ್ದು. ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಸ್ವರ ನಿನ್ನದು ಅಂತ ನನಗೆ ಆವತ್ತೇ ಗೊತ್ತುಂಟು ಮಾರಾಯ. ಆದರೆ ಹುಟ್ಟಿದ ಮೇಲೆ ನೀನು ಒಂದು ದಿನ ಆದರೂ ಇನ್ನೊಬ್ಬರ ಹತ್ತಿರ 'ಊಟ ಮಾಡು' ಅಂತ ಹೇಳಿದವನಾ?"