ಅತ್ತೆಯ ಎರಡು ಡಿಸ್ಕು

ನಮ್ಮ ಮಾವನಿಗೆ ಮನೆಮಂದಿ ಇಟ್ಟ ಹೆಸರು ಗುಜರಿ ಮಾವ. ಬ್ಯಾಂಕುಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವನು, ಅವು ಹಳತಾಗಿ ಹೊರಬಿದ್ದಾಗ ಒಂದೊಂದನ್ನೇ ಮನೆಗೆ ಹೊತ್ತು ತಂದ. "ಇವನ್ನ ಒಳಗಿಡಿ, ನನ್ನನ್ನ ಹೊರಗಿಡಿ" ಎಂದು ಅತ್ತೆ ಗೊಣಗಿದಳು. ಕೊನೆಗೆ ಒಂದು ಅಚ್ಚುಕೂಟದ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಭಾನುವಾರ ಯಾರು ಬೇಕಾದರೂ ಬಂದು ಮುಟ್ಟಿ ನೋಡಲಿ ಎಂದು ಬಾಗಿಲು ತೆರೆದ. ಗೊಣಗಿದ ಅತ್ತೆಯೇ ಬಂದ ಮಕ್ಕಳಿಗಾಗಿ ಆ ಕಂಪ್ಯೂಟರಿನಲ್ಲೇ ಒಂದು ಪ್ರಶ್ನೋತ್ತರದ ಆಟ ಬರೆದಳು. ಉತ್ತರ ತಪ್ಪಿದರೆ ಪರದೆಯ ಮೇಲೆ ಥೇಟ್ ಅವಳದೇ ಗದರಿಕೆ: "ಗಮನ ಎಲ್ಲಿದೆ ನಿಂದು?"

ಅತ್ತೆ ತೀರಿಕೊಂಡ ಮೇಲೆ ಆ ಆಟ ಉಳಿದದ್ದು ಎರಡೇ ಫ್ಲಾಪಿ ಡಿಸ್ಕಿನಲ್ಲಿ, ಒಂದು ಅಸಲು, ಒಂದು ನಕಲು. ಕಂಡವರ ಡಿಸ್ಕನ್ನೆಲ್ಲ ಹೊಸ ಕಂಪ್ಯೂಟರಿಗೆ ಇಳಿಸಿಕೊಟ್ಟ ಮಾವ ಇದನ್ನು ಮಾತ್ರ "ನಮ್ಮದೇ ತಾನೆ, ಆಮೇಲೆ ನೋಡೋಣ" ಎನ್ನುತ್ತಿದ್ದ. ಸಾಲದ್ದಕ್ಕೆ, ಡಿಸ್ಕು ಓದುವ ಯಾವುದೇ ಡ್ರೈವ್ ಸರಿಯಿದೆಯೇ ಎಂದು ನೋಡಲು ಅತ್ತೆಯ ಡಿಸ್ಕನ್ನೇ ಹಾಕುವ ಚಾಳಿ. ಅದನ್ನು ಓದುವಾಗಿನ ಸದ್ದು ಅವನಿಗೆ ಬಾಯಿಪಾಠ. ಇದು ಒಂದು ದಿನ ಮುಳುವಾಗುತ್ತದೆ ಎಂದು ನನಗೆ ಒಳಗೊಳಗೇ ಹೆದರಿಕೆ, ಮೇಲೆ ಸಿಟ್ಟು.

ಒಂದು ಭಾನುವಾರ ನಿವೃತ್ತ ಮೇಷ್ಟರೊಬ್ಬರು ನೆಲಮಾಳಿಗೆಯಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆ ತಂದರು. ಡಿಸ್ಕುಗಳಿಗೆ ಬೂಷ್ಟು ಹಿಡಿದಿತ್ತು. ಅಂಥದ್ದನ್ನು ತೊಳೆದು ಒಣಗಿಸದೆ ಹಾಕಬಾರದೆಂದು ಮಾವನದೇ ಕಟ್ಟಪ್ಪಣೆ. ಕೊಳೆ ಡ್ರೈವಿನ ಓದುವ ತಲೆಗೆ ಅಂಟಿದರೆ, ಮುಂದೆ ಹಾಕಿದ ಒಂದೊಂದು ಡಿಸ್ಕನ್ನೂ ಅದು ಕೆರೆದು ಹಾಕುತ್ತದೆ.

"ಒಂದ್ಸಲ ನೋಡ್ಬಿಡಿ ಸಾರ್, ನನ್ನ ಮಗಳು ಬಿಡಿಸಿದ ಚಿತ್ರಗಳಿರ್ಬೇಕು" ಎಂದರು ಮೇಷ್ಟರು. ಮಾವ ಕರಗಿದ. ಒಂದನ್ನು ತೊಳೆಯದೆ ಹಾಕಿಯೇಬಿಟ್ಟ.

ಒಳಗಿನಿಂದ ಹಲ್ಲು ಕಡಿದ ಹಾಗೆ ಕರಕರ ಸದ್ದು. ಏನೂ ಓದಲಿಲ್ಲ. ಮಾವನ ಕೈ ಆಗಲೇ ಅತ್ತೆಯ ಡಿಸ್ಕುಗಳಿದ್ದ ಮೇಜಿನ ಖಾನೆಗೆ ಹೋಗಿತ್ತು.

"ಮಾವ, ಅದು ಬೇಡ. ಮೊದ್ಲು ಡ್ರೈವ್ ಒಳಗೆ ಕ್ಲೀನ್ ಮಾಡು."

"ಕೆಟ್ಟಿರೋದು ಅವರ ಡಿಸ್ಕು ಕಣೇ, ಡ್ರೈವಿಗೇನೂ ಆಗಿಲ್ಲ. ಈಗ್ಲೇ ತೋರಿಸ್ತೀನಿ."

ಅತ್ತೆಯ ಡಿಸ್ಕು ಒಳಹೋಯಿತು. ಅದೇ ಕರಕರ. ಪರದೆ ಖಾಲಿ. ಮಾವ ಆಗಲಾದರೂ ನಿಲ್ಲಿಸಬೇಕಿತ್ತು. ಅಸಲು ಹೋಯಿತೆಂದು ನಂಬಲಾರದೆ, ನಾನು ಕೈ ಹಿಡಿಯುವಷ್ಟರಲ್ಲಿ ನಕಲನ್ನೂ ಅದೇ ಡ್ರೈವಿಗೆ ತುರುಕಿದ.

ಸದ್ದು ನಿಂತ ಮೇಲೆ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದ. ಆಟ ದಾಖಲಾಗಿದ್ದ ಕಂದು ಲೇಪ ಬಳೆಯಂತೆ ಸುತ್ತಲೂ ಕಿತ್ತುಹೋಗಿ ಆಚೆಯ ರಸ್ತೆ ಕಾಣುತ್ತಿತ್ತು.

"ನನ್ನದು ತೊಳೆದ್ರೆ ಬರುತ್ತಾ ಸಾರ್?" ಮೇಷ್ಟರು ಅಳುಕುತ್ತ ಕೇಳಿದರು.

"ಉಳಿದವು ಬರಬಹುದು. ಬಿಟ್ಟು ಹೋಗಿ" ಎಂದ ಮಾವ. ಅವರು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿದ.

"ಅವಳನ್ನ ಕಾಯಿಲೆ ಕರ್ಕೊಂಡು ಹೋಯ್ತು. ಉಳಿದಿದ್ದನ್ನ ನಾನೇ ಕೆರೆದು ಹಾಕ್ದೆ ಕಣೇ."