ಎಡತುದಿಯ ತಟ್ಟೆ

ಉಂಡ ತಟ್ಟೆಯಲ್ಲಿ ಮಜ್ಜಿಗೆ ಅನ್ನದ ಅಗುಳು ಒಣಗಿ ಅಂಟಿಕೊಳ್ಳಲು ಎಷ್ಟು ಹೊತ್ತು ಬೇಕೆಂಬುದು ಅರವತ್ತಮೂರು ವರ್ಷ ತುಂಬುವವರೆಗೂ ನನಗೆ ತಿಳಿದಿರಲಿಲ್ಲ. ಸರ್ವೆ ಇಲಾಖೆಯಲ್ಲಿದ್ದುಕೊಂಡು ಮೂವತ್ತು ವರ್ಷ ಅನ್ಯರ ಹೊಲಗಳನ್ನು ಅಂಗುಲ ತಪ್ಪದಂತೆ ಅಳೆದವನು ನಾನು. ನನ್ನದೇ ತಟ್ಟೆ ಊಟದ ಮೇಜಿನಿಂದ ಅಡುಗೆಮನೆಯ ನಲ್ಲಿಯವರೆಗೆ ಹೋಗುವ ದೂರವನ್ನು ಮಾತ್ರ ಒಮ್ಮೆಯೂ ಅಳೆದಿರಲಿಲ್ಲ. ಅದು ತಾನಾಗಿ ಹೋಗುತ್ತಿತ್ತು, ಹೊಳೆಯುತ್ತ ತಾನಾಗಿ ಬರುತ್ತಿತ್ತು. ಈಗ ಖಚಿತವಾಗಿ ಹೇಳಬಲ್ಲೆ: ಚಿಕ್ಕಬಳ್ಳಾಪುರದ ಬೇಸಿಗೆಯಲ್ಲಿ ಹದಿನೈದು ನಿಮಿಷ ಸಾಕು. ಈ ಜ್ಞಾನ ನನಗೆ ದೊರೆತದ್ದು ಸದ್ಬುದ್ಧಿಯಿಂದಲ್ಲ, ಇನ್ನೂ ಇಳಿಯದ ಒಂದು ಸಿಟ್ಟಿನಿಂದ.

ನನ್ನ ಪಕ್ಕದ ಮನೆಯ ಜೋಸೆಫ್ ಮೇಷ್ಟ್ರು ನಿವೃತ್ತ ಕನ್ನಡ ಪಂಡಿತರು. ಹೋದ ವರ್ಷ ಅವರ ಹೆಂಡತಿ ತೀರಿಕೊಂಡ ಮೇಲೆ ಅವರು ಕೂತು ಉಣ್ಣುವುದನ್ನು ಬಿಟ್ಟರು. ಒಲೆಯ ಪಕ್ಕದಲ್ಲೇ ನಿಂತು, ಪಾತ್ರೆಯಿಂದಲೇ ನಾಲ್ಕು ತುತ್ತು ಬಾಯಿಗಿಟ್ಟು, ಊಟ ಮುಗಿಯಿತೆನ್ನುತ್ತಿದ್ದರು. ಒಂದು ದಿನ ಕಿಟಕಿಯಿಂದ ಅದನ್ನು ಕಂಡು ನಾನು ಗದರಿದಾಗ ಅವರು ಹೇಳಿದ್ದು ಇಷ್ಟೇ: "ಒಬ್ಬನೇ ತಟ್ಟೆ ಹಾಕ್ಕೊಂಡು ಕೂರೋಕೆ ನನ್ನ ಕೈಲಿ ಆಗ್ತಿಲ್ಲ ಸರ್ವೆ ಸಾಹೇಬ್ರೇ."

ನಮ್ಮ ಸೀಮೆಯಲ್ಲಿ ಕೆಲವು ಕ್ರೈಸ್ತ ಕುಟುಂಬಗಳು ಒಂದೆಡೆ ಸೇರಿ, ಒಂದೇ ಅಡುಗೆ, ಒಂದೇ ಪ್ರಾರ್ಥನೆ, ಒಂದೇ ದುಡಿಮೆ ಎಂದು ಬದುಕುವ ಸಣ್ಣ ಸಣ್ಣ ಸಮುದಾಯಗಳಿವೆಯೆಂದು ಅವರಿಗೆ ಯಾರೋ ಹೇಳಿದ್ದರು. ಮೂರನ್ನು ನೋಡುವುದು, ಒಪ್ಪಿದ ಕಡೆ ಉಳಿದುಬಿಡುವುದು ಎಂದು ನಿಶ್ಚಯಿಸಿ, ಕಾರಿನ ಡಿಕ್ಕಿಯಲ್ಲಿ ಹಾಸಿಗೆ ಸುರುಳಿಯನ್ನೂ ಹಾಕಿಕೊಂಡರು. ಸಾರಥ್ಯ ನನ್ನದು.

ಮೊದಲ ದಿನ ಮಂಚೇನಹಳ್ಳಿ ದಾಟಿ ಗೌರಿಬಿದನೂರಿನ ಕಡೆ. ಏಳು ಜನ, ನಾಲ್ಕು ಹಸು, ಒಂದು ಶಾಂತವಾದ ತೋಟ. ಆದರೆ ಮಧ್ಯಾಹ್ನದವರೆಗೆ ಎಲ್ಲರಿಗೂ ಮೌನವ್ರತ. ಮೇಷ್ಟ್ರು ಗೇಟು ದಾಟಿದೊಡನೆ ಬಾಯಿಬಿಟ್ಟರು: "ನಲವತ್ತು ವರ್ಷ ಮಾತಾಡಿ ಸಂಬಳ ತಗೊಂಡೋನು ನಾನು. ಸುಮ್ಮನಿರೋದಾದ್ರೆ ಮನೆಯಲ್ಲೇ ಪುಕ್ಕಟೆ ಇರ್ತೀನಲ್ಲ!" ಎರಡನೆಯ ದಿನ ಚಿಂತಾಮಣಿಯ ಆಚೆ. ಅಲ್ಲಿ ಎಲ್ಲವೂ ಸರಿಯಿತ್ತು, ಒಬ್ಬೊಬ್ಬರೂ ತಮ್ಮ ತಟ್ಟೆ ತೆಗೆದುಕೊಂಡು ತಮ್ಮ ತಮ್ಮ ಕೋಣೆಗೆ ಹೋಗಿ ಉಣ್ಣುತ್ತಿದ್ದುದರ ಹೊರತು. ಮೇಷ್ಟ್ರು ಊಟಕ್ಕೂ ನಿಲ್ಲದೆ ಕಾರು ಹತ್ತಿದರು.

ಮೂರನೆಯದು ಶಿಡ್ಲಘಟ್ಟದ ಕಡೆ, ಹಿಪ್ಪುನೇರಳೆ ತೋಟಗಳ ನಡುವೆ. ಒಳಗೆ ಕಾಲಿಟ್ಟೊಡನೆ ಮೇಷ್ಟ್ರ ಮುಖ ಅರಳಿತು. ಉದ್ದನೆಯ ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು: ಮಕ್ಕಳು, ಮುದುಕರು, ನಗು, ಸಾರಿನ ಘಮ. ಎಲ್ಲರೂ 'ಅಣ್ಣ' ಎಂದು ಕರೆಯುವ ಹಿರಿಯರೊಬ್ಬರು ನಮ್ಮನ್ನು ನಡುವೆ ಕೂರಿಸಿ ಅಲ್ಲಿನ ಪದ್ಧತಿಯನ್ನು ವಿವರಿಸಿದರು. ಇಲ್ಲಿ ಯಾರೂ ತಮ್ಮ ತಟ್ಟೆ ತಾವು ತೊಳೆಯುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಬಲಗಡೆಯವರ ತಟ್ಟೆ ತೊಳೆಯಬೇಕು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗಾಗಿ ಈ ನಿಯಮ.

ಕೇಳಿ ನಾನು ಮನಸೋತೆ, ಇದು ಸುಳ್ಳಲ್ಲ. ನನ್ನ ಬಲಕ್ಕೆ ಮೇಷ್ಟ್ರಿದ್ದರು. ಜೀವಮಾನದಲ್ಲಿ ನಾನು ತೊಳೆದ ಮೊದಲ ತಟ್ಟೆ ಅವರದು. "ಒತ್ತಿ ಉಜ್ಜಿ, ಸರ್ಕಾರಿ ಕೆಲಸ ಬೇಡ," ಎಂದು ಅವರು ಚುಚ್ಚಿದರು. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದು ಅದೇ.

ಆದರೆ ವೃತ್ತಿಯ ಚಟ ನಿವೃತ್ತಿಯೊಂದಿಗೆ ಹೋಗುವುದಿಲ್ಲವಲ್ಲ. ಹೊಲವನ್ನು ಸುತ್ತಿ, ಹೊರಟ ಗಡಿಕಲ್ಲಿಗೇ ಬಂದು ಮುಟ್ಟದ ಅಳತೆ ಅಳತೆಯೇ ಅಲ್ಲ ಎಂಬುದು ನಮ್ಮ ಇಲಾಖೆಯ ಮೊದಲ ಪಾಠ. ಸಾಲು ಎಂದ ಮೇಲೆ ಅದಕ್ಕೆ ಎರಡು ತುದಿ. ಬಲತುದಿಯಲ್ಲಿ ಕೂತವರ ಬಲಕ್ಕೆ ಯಾರೂ ಇಲ್ಲ, ಆದ್ದರಿಂದ ಅವರು ಯಾರ ತಟ್ಟೆಯನ್ನೂ ತೊಳೆಯಬೇಕಿಲ್ಲ. ಅಲ್ಲಿ ಕೂತವರು ಅಣ್ಣ. ಎಡತುದಿಯಲ್ಲಿ ಕೂತವರ ಎಡಕ್ಕೆ ಯಾರೂ ಇಲ್ಲ, ಆದ್ದರಿಂದ ಅವರ ತಟ್ಟೆ ಯಾರ ಪಾಲಿಗೂ ಬೀಳುವುದಿಲ್ಲ. ಅಲ್ಲಿ ಕೂತವರು ರತ್ನಮ್ಮ ಎಂಬ ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಮುಗಿಸಿ ಹೋದ ಮೇಲೆ ಆಕೆ ನಲ್ಲಿಯ ಮುಂದೆ ಎರಡು ತಟ್ಟೆ ಹಿಡಿದು ಕೂತಿದ್ದರು, ಪಕ್ಕದವಳದೊಂದು, ತನ್ನದೊಂದು. ತೊಳೆದ ಮೇಲೆ ಒಂದನ್ನು ರಾಶಿಗೆ ಸೇರಿಸಿದರು. ಇನ್ನೊಂದನ್ನು, ಅಂಚಿನಲ್ಲಿ ಮೊಳೆಯಿಂದ ಗೀರಿದ ಗುರುತಿದ್ದದ್ದನ್ನು, ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ನಿಲ್ಲಿಸಿದರು.

ನಾನು ಹತ್ತಿರ ಹೋಗಿ, ಎರಡು ತಟ್ಟೆ ಯಾಕೆಂದು ಕೇಳಿದೆ. ಆಕೆ ಕೈ ತೋರಿಸಿದರು. ಬೆರಳ ತುದಿಗಳೆಲ್ಲ ಬಿಳಿಚಿಕೊಂಡು ಕೊರೆದಂತಿದ್ದವು. "ಇಪ್ಪತ್ತು ವರ್ಸ ಶಿಡ್ಲಘಟ್ಟದಾಗೆ ಕುದಿಯೋ ನೀರಲ್ಲಿ ರೇಷ್ಮೆ ಗೂಡು ಬಿಚ್ಚಿರೋ ಕೈ ಸಾರ್. ತಣ್ಣೀರಲ್ಲಿ ಎರಡು ತಟ್ಟೆ ಏನ್ ಮಹಾ?" ಕಟ್ಟೆಯ ಮೇಲಿನ ತಟ್ಟೆಯ ಕಡೆ ನೋಡಿ ಅಂದರು: "ನಾಲ್ಕು ವರ್ಸ ಆಯ್ತು. ನನ್ ತಟ್ಟೆ ಒಬ್ರೂ ಮುಟ್ಟಿಲ್ಲ."

ಆಕೆ ಯಾವ ಕೇರಿಯಿಂದ ಬಂದವರೆಂದು ನಾನು ಕೇಳಬೇಕಾಗಲಿಲ್ಲ. ಆ ಕೇರಿ ಊರಿನಿಂದ ಎಷ್ಟು ದೂರಕ್ಕೆ, ಯಾವ ದಿಕ್ಕಿಗೆ ಇರುತ್ತದೆಂದು ಎಷ್ಟೋ ನಕ್ಷೆಗಳಲ್ಲಿ ಗೆರೆ ಎಳೆದು ತೋರಿಸಿದವನೇ ನಾನು. ಗೆರೆ ನೇರವಾಗಿದೆಯೇ ಎಂದು ನೋಡುತ್ತಿದ್ದೆನೇ ಹೊರತು, ಯಾಕಿದೆ ಎಂದಲ್ಲ.

ಅಣ್ಣನವರನ್ನು ಕೇಳಿದಾಗ, "ಆಯಮ್ಮ ಕೊನೇಲಿ ಸೇರ್ಕೊಂಡಿದ್ದು ಸರ್, ಅದಕ್ಕೆ ಕೊನೇಲಿ," ಎಂದರು. ಸಾಲಿನ ನಡುವೆ ಕೂತಿದ್ದ ಎರಡು ಸಂಸಾರಗಳು ಹೋದ ವರ್ಷ ಬಂದವೆಂದು ಅವರೇ ಊಟಕ್ಕೆ ಮುಂಚೆ ಪರಿಚಯಿಸಿದ್ದರು. ಅದನ್ನು ನೆನಪಿಸಿದೆ. "ಆಯಮ್ಮಂಗೂ ಅಲ್ಲೇ ಅಭ್ಯಾಸ," ಎಂದರು. ದುಂಡಗೆ ಕೂತರೆ ನಿಮ್ಮ ಬಲಕ್ಕೆ ಆಕೆಯೇ ಬರುತ್ತಾರೆ, ನಿಯಮ ಸಂಪೂರ್ಣವಾಗುತ್ತದೆ ಎಂದು ನೆಲದ ಮೇಲೆ ಬೆರಳಿನಿಂದ ಚಕ್ರ ಬರೆದು ತೋರಿಸಿದೆ. ಅವರು ಅದನ್ನು ಬಹಳ ಸೌಜನ್ಯದಿಂದ ನೋಡಿ ಹೇಳಿದರು: "ನಮ್ಮ ಹಾಲ್ ಉದ್ದಕ್ಕಿದೆಯಲ್ಲ ಸರ್."

ಓದುಗರೇ, ಬೈದವರನ್ನು ನಾನು ಕ್ಷಮಿಸಬಲ್ಲೆ. ಗೇಟಿನಲ್ಲೇ ತಡೆದು ನಿಲ್ಲಿಸುವವರಿಗೆ ಎದುರಾಡಬಲ್ಲೆ. ಆದರೆ ಸಮಾನತೆಗೊಂದು ಸುಂದರ ನಿಯಮ ಮಾಡಿ, ಕಣ್ಣು ತುಂಬಿಬರುವಂತೆ ಅದನ್ನು ವಿವರಿಸಿ, ಇಬ್ಬರನ್ನು ಮಾತ್ರ ಅದರಿಂದ ಹೊರಗಿಟ್ಟು—ಒಬ್ಬರನ್ನು ಮೇಲಕ್ಕೆ, ಒಬ್ಬರನ್ನು ಕೆಳಕ್ಕೆ—ಹಾಲು ಉದ್ದಕ್ಕಿದೆ ಎಂದು ಗೋಡೆಯ ಮೇಲೆ ಅಪರಾಧ ಹೊರಿಸುವ ಆ ಸೌಜನ್ಯವಿದೆಯಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ. ಕಾರಿನತ್ತ ನಡೆದೆ. ಹೊರಡೋಣ ಎಂದೆ.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೇಷ್ಟ್ರು ಆಗಲೇ ಡಿಕ್ಕಿ ತೆರೆದು ಹಾಸಿಗೆ ಇಳಿಸುತ್ತಿದ್ದರು.

"ತಲೆ ಕೆಟ್ಟಿದೆಯಾ ಮೇಷ್ಟ್ರೇ? ಇಂಥವರ ಜೊತೆ ಕೂತು ಉಣ್ತೀರಾ?"

"ಇವ್ರ ಜೊತೆ ಅಲ್ಲಪ್ಪ. ಆಯಮ್ಮನ ಪಕ್ಕ. ಎಡಗಡೆ."

ಅಣ್ಣ ಓಡಿಬಂದರು. ಮೇಷ್ಟ್ರೇ, ಆ ತುದಿಗೆ ಬಿಸಿಲು ಬೀಳುತ್ತೆ, ನಿಮಗೆ ವಯಸ್ಸಾಗಿದೆ ಎಂದರು. "ಆಯಮ್ಮನ ಮೇಲೆ ಬೀಳಲ್ವಾ?" ಎಂದಷ್ಟೇ ಕೇಳಿ ಮೇಷ್ಟ್ರು ಹಾಸಿಗೆಯನ್ನು ಹೆಗಲಿಗೇರಿಸಿದರು.

ಒಬ್ಬನೇ ವಾಪಸು ಬಂದೆ. ದಾರಿಯುದ್ದಕ್ಕೂ ಆಡದೆ ಉಳಿದ ಮಾತುಗಳನ್ನು ಸ್ಟಿಯರಿಂಗಿಗೆ ಒಪ್ಪಿಸುತ್ತ ಬಂದೆ. ಆದರೆ ರಾತ್ರಿ ಊಟ ಮುಗಿಸಿ, ರೂಢಿಯಂತೆ ಕೈಬೀಸಿಕೊಂಡು ಎದ್ದವನಿಗೆ, ನಲ್ಲಿಯ ಕೆಳಗೆ ಎರಡು ತಟ್ಟೆ ಹಿಡಿದು ನಿಂತ ಹೆಂಡತಿ ಶಾರದಳ ಬೆನ್ನು ಕಂಡಿತು. ನಾನು ಹೋಗಿ ಒಂದನ್ನು ಕಸಿದುಕೊಂಡೆ. "ಏನ್ರೀ, ಕಾರು ಎಲ್ಲಿಗೆ ಗುದ್ದಿದ್ರಿ?" ಎಂದಳು. ಕಾರಿಗೇನೂ ಆಗಿರಲಿಲ್ಲ. ಮೂವತ್ತೈದು ವರ್ಷದಿಂದ ಈ ಮನೆಯ ಬಲತುದಿಯಲ್ಲಿ ಕೂತವನು ಯಾರೆಂಬುದನ್ನು ಅಣ್ಣನವರ ಮೇಲಿನ ಸಿಟ್ಟು ಮರೆಸಿತ್ತು, ಅಷ್ಟೆ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಮೇಷ್ಟ್ರ ಫೋನು. ಧ್ವನಿ ಗಟ್ಟಿಯಾಗಿತ್ತು. ಕೂತೇ ಉಣ್ಣುತ್ತಿದ್ದಾರಂತೆ. ರತ್ನಮ್ಮನ ತಟ್ಟೆ ಈಗ ರಾಶಿಯಲ್ಲೇ ಇರುತ್ತದಂತೆ; ಮೊದಲ ದಿನ ಇವರು ಅದನ್ನು ಇಸಕೊಂಡಾಗ ಆಕೆ ಅತ್ತರಂತೆ. "ಮತ್ತೆ ನಿಮ್ಮ ತಟ್ಟೆ?" ಎಂದೆ. "ನಾನೇ ತೊಳ್ಕೊತೀನಿ. ಎಡತುದಿ ಈಗ ನಾನಲ್ವಾ!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬರುವ ಭಾನುವಾರ ಹೋಗಿ ಮೇಷ್ಟ್ರ ಎಡಕ್ಕೆ ನಾನು ಕೂರುತ್ತೇನೆ, ನೀನೂ ಬಂದು ನನ್ನ ಎಡಕ್ಕೆ ಕೂರು ಎಂದು, ಅಲ್ಲಿನ ಕಥೆಯೆಲ್ಲ ನನ್ನಿಂದ ಕೇಳಿದ್ದ ಶಾರದಳಿಗೆ ಹೇಳಿದೆ. ಅವಳು ಉಣ್ಣುತ್ತಲೇ ಲೆಕ್ಕ ಹಾಕಿದಳು.

"ಅಂದ್ರೆ ಕೊನೆಗೆ ನನ್ನ ತಟ್ಟೆ ಉಳಿಯುತ್ತೆ."

ಸರ್ವೇಯರಿಗೆ ಅದು ಹೊಳೆದಿರಲಿಲ್ಲ.

"ಬರ್ತೀನಿ," ಎಂದಳು. "ಆದ್ರೆ ನಾನು ತೊಳೆಯಲ್ಲ. ಎಂಜಲು ತಟ್ಟೆ ತಗೊಂಡು ಹಾಲಿನ ಆ ತುದಿವರೆಗೂ ನಡ್ಕೊಂಡ್ ಹೋಗಿ ನಿಮ್ಮ ಅಣ್ಣನೋರ ಮುಂದೆ ಇಡ್ತೀನಿ. ಹಾಲ್ ಎಷ್ಟು ಉದ್ದ ಇದೆಯೋ ನೋಡೇಬಿಡಣ."

ಹದಿನೈದು ನಿಮಿಷ ಕಳೆದಿತ್ತು. ಎರಡು ತಟ್ಟೆಗಳಲ್ಲೂ ಅಗುಳು ಗಟ್ಟಿಯಾಗಿ ಅಂಟಿಕೊಂಡಿತ್ತು. ನಾನು ಎದ್ದು ಮೊದಲು ಅವಳದನ್ನು ತೆಗೆದುಕೊಂಡೆ.