ನಾನು ಹಿಡಿಯದ ರೋಜಾ

ಆ ರಂಜಾನಿನಲ್ಲಿ ನಾನು ರೋಜಾ ಹಿಡಿದಿರಲಿಲ್ಲ. ಹುಮನಾಬಾದಿನ ಜೈಬುನ್ ಖಾಲಾ ವರ್ಷಗಳಿಂದ ಹೇಳುತ್ತ ಬಂದ, ಅವರ ಓಣಿಯವರೆಲ್ಲ ನಂಬಿದ ಆ ಕಥೆ ಸುಳ್ಳು. ಮಸ್ಕತ್ತಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಬಸವಕಲ್ಯಾಣದ ಕಡೆಯ ಹುಡುಗನೊಬ್ಬ, ಮುಸ್ಲಿಮನಲ್ಲದಿದ್ದರೂ ತಿಂಗಳಿಡೀ ಉಪವಾಸವಿದ್ದು ಖಾಲಾನ ಮಗಳಿಗಾಗಿ ದುವಾ ಬೇಡಿದ, ಅದರಿಂದಲೇ ಮೊಮ್ಮಗಳು ಉಳಿದಳು ಎನ್ನುತ್ತಾರಲ್ಲ — ಆ ಹುಡುಗ ನಾನೇ, ಮಿಲಿಂದ. ಮಧ್ಯಾಹ್ನ ಹೊಟ್ಟೆತುಂಬ ಉಂಡು, ಸಂಜೆ ಅವರ ಮುಂದೆ ಬಾಯಿ ಒಣಗಿದವನಂತೆ ಕೂರುತ್ತಿದ್ದವನು.

ನಮ್ಮೂರು ಕೊಹಿನೂರ. ಬಸವಕಲ್ಯಾಣದ ಮೈದಾನದಲ್ಲಿ ಎಡಗಾಲಿನಿಂದ ಒದೆಯುತ್ತ ಬೆಳೆದೆ, ಗೋವಾ, ಕೋಲ್ಕತ್ತಾದ ಸಣ್ಣ ಕ್ಲಬ್ಬುಗಳಲ್ಲಿ ಆಡಿದೆ, ಕೊನೆಗೆ ಮಸ್ಕತ್ತಿನ ಎರಡನೇ ದರ್ಜೆಯ ಕ್ಲಬ್ಬೊಂದಕ್ಕೆ ಒಂದು ವರ್ಷದ ಕರಾರಿನ ಮೇಲೆ ಹೋದೆ. ಹೊರಡುವಾಗ ಊರಲ್ಲಿ ‘ಫಾರಿನ್ ಪ್ಲೇಯರ್’ ಎಂದು ಹಾರ ಹಾಕಿದರು. ಅಲ್ಲಿ ಇಳಿದ ಮೇಲೆ ಮೂಸಿ ನೋಡುವವರೂ ಇರಲಿಲ್ಲ. ಒಂದು ದಿನ ಮೈದಾನದ ಗೇಟಿನ ಹತ್ತಿರ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕ್ಲಬ್ಬಿಗೆ ಕುಡಿಯುವ ನೀರು ತರುವ ವ್ಯಾನಿನ ಡ್ರೈವರ್ ಹೆಗಲ ಮೇಲಿನ ಬಾಟಲಿಗಳನ್ನು ಕೆಳಗಿಳಿಸಿ, “ಯಾವೂರೋ ತಮ್ಮಾ? ನಮ್ಮ ಮಾತು ಆಡಾಕತ್ತಿ!” ಎಂದರು. ಅವರೇ ಜೈಬುನ್ ಖಾಲಾನ ಗಂಡ. ನಾನು ಅವರನ್ನು ಖಾಲು, ಅವರ ಹೆಂಡತಿಯನ್ನು ಖಾಲಾ ಎನ್ನುತ್ತಿದ್ದೆ, ಚಿಕ್ಕಪ್ಪ, ಚಿಕ್ಕಮ್ಮ ಎಂಬಂತೆ. ಅವತ್ತೇ ಸಂಜೆ ನನ್ನನ್ನು ಮನೆಗೆ ಕರೆದೊಯ್ದರು, ಮುಂದಿನ ವಾರ ಅವರ ಮನೆಯ ಸಣ್ಣ ಖೋಲಿಯೇ ನನ್ನ ಬಿಡಾರವಾಯಿತು.

ಖಾಲಾ ನನಗೆ ಏನು ಮಾಡಲಿಲ್ಲ! ಹುಮನಾಬಾದಿನಿಂದ ಯಾರೇ ಬರಲಿ, ಅವರ ಪೆಟ್ಟಿಗೆಯಲ್ಲಿ ನನಗಾಗಿ ಜೋಳದ ಹಿಟ್ಟು ತರಿಸುತ್ತಿದ್ದರು. ಆಡಿ ಊದಿದ ಮೊಣಕಾಲಿಗೆ ಬಿಸಿ ಉಪ್ಪಿನ ಕಾವು ಕೊಡುತ್ತಿದ್ದರು. ಮ್ಯಾಚು ಸೋತು ಬಂದರೆ ಕೇಳುತ್ತಲೇ ಇರಲಿಲ್ಲ, ಗೆದ್ದು ಬಂದರೆ ಎರಡೆರಡು ಸಲ ಕೇಳುತ್ತಿದ್ದರು. ಆ ದೇಶದಲ್ಲಿ ನಾನು ಆಟಗಾರನಾಗಿ ನಿಂತದ್ದು ಆ ಮನೆಯ ಅನ್ನದ ಮೇಲೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ — ನಾನು ಅದನ್ನೇ ಬಗೆದೆ.

ರಂಜಾನಿನ ಹಿಂದಿನ ಸಂಜೆ ಖಾಲಾ ಸುಮ್ಮನೆ ಕೇಳಿದರು: “ನೀ ಹ್ಯಾಂಗ ಮಾಡ್ತಿ ಬೇಟಾ? ನಿನಗ ಮಧ್ಯಾಹ್ನದ ಅಡಿಗಿ ಬ್ಯಾರೆ ಮಾಡಿಡ್ತೀನಿ.” ಅಷ್ಟು ಸಲೀಸಾಗಿತ್ತು. ಹೂಂ ಎಂದಿದ್ದರೆ ಮುಗಿದಿತ್ತು. ನಾನು, “ಬ್ಯಾಡ್ರಿ ಖಾಲಾ, ನಿಮ್ಮ ಜೋಡಿ ನಾನೂ ರೋಜಾ ಹಿಡಿತೀನಿ” ಎಂದೆ. ಬಸವಕಲ್ಯಾಣದಲ್ಲಿ ಸಣ್ಣವನಿದ್ದಾಗ ದೋಸ್ತರ ಜೊತೆ ಒಂದೆರಡು ಹಿಡಿದವನೇ. ಮೊದಲ ದಿನ ನಿಜವಾಗಿಯೂ ಹಿಡಿದೆ. ಎರಡನೇ ದಿನ ಜಿಮ್ಮಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ. ಟ್ರೇನರ್ ಬೈದ: ಅಭ್ಯಾಸವಿಲ್ಲದವನು ಹೀಗೆ ಮಾಡಿದರೆ ಬೆಂಚ್ ಮೇಲೆ ಕೂತಿರುತ್ತೀ, ಬೆಂಚ್ ಮೇಲೆ ಕೂತವನ ಕರಾರು ಮುಂದುವರಿಯುವುದಿಲ್ಲ. ಅವತ್ತಿನಿಂದ ಕ್ಲಬ್ಬಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಂಡೆ.

ಉಂಡದ್ದು ತಪ್ಪಲ್ಲ. ಮನೆಗೆ ಬಂದು ಹೇಳದೇ ಇದ್ದದ್ದು — ಯಾಕೆ ಹೇಳಲಿಲ್ಲ? ಖಾಲಾ ಬೈಯುತ್ತಾರೆಂದಲ್ಲ, ಅವರು ಬೈಯುವವರೇ ಅಲ್ಲ. ಅಷ್ಟರಲ್ಲಿ ಅವರು ಪಕ್ಕದ ಮನೆಯವರಿಗೆ, ಫೋನಿನಲ್ಲಿ ಹುಮನಾಬಾದಿಗೆ, ನನ್ನ ರೋಜಾದ ಸುದ್ದಿ ಹೇಳಿಯಾಗಿತ್ತು. ಒಳ್ಳೆಯವನು ಎನಿಸಿಕೊಳ್ಳುವುದಕ್ಕೂ ಒಂದು ರುಚಿ ಇರುತ್ತದೆ. ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ.

ನಸುಕಿನ ಸಹರಿ ಊಟಕ್ಕೆ ಖಾಲಾ ಎಲ್ಲರಿಗಿಂತ ಮೊದಲು ಎದ್ದು ನನಗೆಂದೇ ರೊಟ್ಟಿ ಬಡಿಯುತ್ತಿದ್ದರು. “ಜ್ವಾಳ ಸಂಜಿತನಕ ಹೊಟ್ಯಾಗ ನಿಲ್ಲತದ” ಎನ್ನುತ್ತಿದ್ದರು. ಸ್ವತಃ ಸಕ್ಕರೆ ಕಾಯಿಲೆಯವರು. ಡಾಕ್ಟರ್ ಬೇಡವೆಂದರೂ ಕೇಳದೆ ಉಪವಾಸವಿದ್ದರು, ಯಾಕೆಂದರೆ ಆ ವರ್ಷ ಹುಮನಾಬಾದಿನಲ್ಲಿ ಅವರ ಮಗಳು ಶಬಾನಾ ಬಸುರಿ. ಅದಕ್ಕೆ ಮೊದಲು ಎರಡು ಸಲ ಗರ್ಭ ಇಳಿದುಹೋಗಿತ್ತು. ಖಾಲುಗೆ ರಜೆ ಸಿಗದೆ ಇಬ್ಬರೂ ಊರಿಗೆ ಹೋಗುವಂತಿರಲಿಲ್ಲ. ಸಂಜೆ ರೋಜಾ ಬಿಡುವ ಇಫ್ತಾರಿನ ಹೊತ್ತಿಗೆ, ಅಜಾನ್ ಆಗುವ ಮೊದಲಿನ ಆ ನಾಲ್ಕು ನಿಮಿಷದಲ್ಲಿ, ಖಾಲಾ ನನಗೆ ಹೇಳುತ್ತಿದ್ದರು: “ರೋಜಾದವರ ದುವಾ ಖಾಲಿ ಹೋಗಂಗಿಲ್ಲ ಬೇಟಾ. ಅದರಾಗ ನೀ ಬ್ಯಾರೆ ಧರ್ಮದವ, ನಮ್ಮ ಸಲುವಾಗಿ ಉಪಾಸ ಇದ್ದೀ. ನಿನ್ನ ಮಾತು ಮ್ಯಾಲಿನಾಂವ ಹ್ಯಾಂಗ ತಳ್ಳತಾನ? ನನ್ನ ಶಬಾನಾನ ಸಲುವಾಗಿ ಬೇಡು.”

ನಾನು ಕೈ ಎತ್ತುತ್ತಿದ್ದೆ. ದಿನಾ ಎತ್ತಿದೆ.

ಮಗು ಹುಟ್ಟಿತು, ಸನಾ. ಖಾಲಾ ಫೋನು ಹಿಡಿದುಕೊಂಡೇ ನನ್ನ ತಲೆ ಸವರಿ ಅತ್ತರು, “ನಿನ್ನ ರೋಜಾ ಕಾಯ್ತಪ್ಪಾ” ಎಂದರು. ಆಗಲೂ ಹೇಳಬಹುದಿತ್ತು... ಅಂಥ ಸಂತೋಷದಲ್ಲಿ ಹೇಗೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ವರ್ಷಗಳ ಮೇಲೆ ಮೊಣಕಾಲು ಕೈಕೊಟ್ಟು ಬಸವಕಲ್ಯಾಣಕ್ಕೆ ಮರಳಿ ಮಕ್ಕಳಿಗೆ ಆಟ ಕಲಿಸುವವನಾದೆ. ಖಾಲಾ, ಖಾಲು ಕೂಡ ಹುಮನಾಬಾದಿಗೆ ಬಂದು ನೆಲೆಸಿದರು. ಅವರ ಮನೆಗೆ ಹೋದಾಗಲೆಲ್ಲ ಯಾರೋ ಎದ್ದು ಕುರ್ಚಿ ಬಿಡುವರು, ಯಾರೋ ಕಥೆ ತೆಗೆಯುವರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ಚಹಾದ ಕಪ್ಪಿನಲ್ಲಿ ಮುಖ ಹುದುಗಿಸುತ್ತಿದ್ದೆ. ಅದನ್ನೂ ವಿನಯ ಎಂದುಕೊಂಡರು.

ಈ ರಂಜಾನಿನಲ್ಲಿ ಶಬಾನಾ ಫೋನ್ ಮಾಡಿದಳು. ಸನಾಳಿಗೆ ಈಗ ಎಂಟು ವರ್ಷ, ಮೊದಲ ರೋಜಾ. ನಮ್ಮ ಕಡೆ ಮಗುವಿನ ಮೊದಲ ರೋಜಾ ಬಿಡಿಸುವುದೆಂದರೆ ಒಂದು ಸಣ್ಣ ಮದುವೆಯೇ: ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ನೆಂಟರಿಷ್ಟರು. “ಭಯ್ಯಾ, ಆಕಿ ಬಾಯಾಗ ಮೊದಲನೇ ಖಜೂರ ನೀವೇ ಇಡಬೇಕ್ರಿ. ನಿಮ್ಮ ರೋಜಾದಿಂದ ಬಂದ ಕೂಸು” ಎಂದಳು.

ಆ ಮಗು ದಿನವಿಡೀ ನಿಜವಾಗಿ ಹಸಿದು ಕೂತಿರುತ್ತದೆ — ನನ್ನ ಕೈಯಿಂದ ಖರ್ಜೂರ? ಅದಕ್ಕೆ ಮೊದಲು ಖಾಲಾಗೆ ಹೇಳಿಬಿಡಬೇಕು ಎಂದುಕೊಂಡೆ.

ಆ ದಿನ ಹುಮನಾಬಾದಿಗೆ ಮಧ್ಯಾಹ್ನವೇ ಹೋದೆ. ಖಾಲಾ ಅಡುಗೆಮನೆಯಲ್ಲಿ ಒಬ್ಬರೇ ಕೂತು ಕಲ್ಲಂಗಡಿ ಹೆಚ್ಚುತ್ತಿದ್ದರು. ಎದುರಿಗೆ ಕೂತು ಹೇಳಿಬಿಟ್ಟೆ.

“ಖಾಲಾ, ಮಸ್ಕತ್ತಿನಾಗ ನಾ ರೋಜಾ ಹಿಡಿದಿದ್ದಿಲ್ರಿ. ಮೊದಲ್ನೇದು ಒಂದ ಹಿಡಿದೆ. ಆಮ್ಯಾಲೆ ದಿನಾ ಕ್ಲಬ್ಬಿನಾಗ ಉಣ್ತಿದ್ದೆ.”

ಚಾಕು ನಿಂತಿತು.

“ರೋಜಾ ಹೋಗ್ಲಿ” ಎಂದರು. “ನಿನಗೇನು ಕಡ್ಡಾಯ ಇದ್ದಿದ್ದಿಲ್ಲ. ಖರೇ ಹೇಳು — ದಿನಾ ಕೈ ಎತ್ತತಿದ್ದೆಲ್ಲಾ, ಅವಾಗ ನನ್ನ ಮಗಳ ಹೆಸರು ತಗೊಂಡಿಯೋ ಇಲ್ಲೋ?”

ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಒಳಗಿದ್ದದ್ದನ್ನು ಯಾರು ನೋಡಿದ್ದರು?

“ಇಲ್ರಿ ಖಾಲಾ.”

“ಮತ್ತ ಏನ್ ಬೇಡ್ತಿದ್ದಿ?”

“ಕರಾರು... ಮುಂದಿನ ವರ್ಷನೂ ನನ್ನ ಇಟ್ಕೊಳ್ಳಲಿ ಅಂತ.”

“ಇಟ್ಕೊಂಡ್ರಲ್ಲ?”

“ಇಟ್ಕೊಂಡ್ರು. ಮೂರು ವರ್ಷ.”

“ಅಂದ್ರ ಮ್ಯಾಲಿನಾಂವ ಕೇಳ್ಯಾನ” ಎಂದರು ಖಾಲಾ. “ನೀನ ಶಬಾನಾನ ಸಲುವಾಗಿ ಬೇಡಲಿಲ್ಲ.”

ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮತ್ತೆ ಚಾಕು ತೆಗೆದುಕೊಂಡರು. ನಾನು ಮಾಫಿ ಕೇಳಿದೆ. ಅವರು ಹೆಚ್ಚಿದ ಹಣ್ಣಿನ ತಾಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಇಡಲು ಹೇಳಿದರು. ಈ ಹೆಂಗಸಿನ ಋಣ ನಾನು ಎಂದೂ ತೀರಿಸಲಾರೆ ಎಂದು ಆ ತಾಟು ಹಿಡಿದು ನಡೆಯುವಾಗ ಅನ್ನಿಸಿತು.

ಸಂಜೆ ಅಂಗಳ ತುಂಬಿತ್ತು. ಹಾರ ಹಾಕಿಕೊಂಡ ಸನಾ ಒಣಗಿದ ತುಟಿ ಸವರಿಕೊಳ್ಳುತ್ತ ಕೂತಿದ್ದಳು. ಶಬಾನಾ ಖರ್ಜೂರದ ಬಟ್ಟಲು ನನ್ನ ಮುಂದೆ ಹಿಡಿದಳು. “ನಾ ಇದಕ್ಕ ಲಾಯಕ್ ಇಲ್ಲವ್ವಾ. ಆಕಿ ಅಪ್ಪ ಇಡಲಿ” ಎಂದೆ. ಕೂಡಲೇ ಸುತ್ತ ಮೆಚ್ಚುಗೆಯ ಗುಜುಗುಜು. “ನೋಡ್ರಿ, ಎಷ್ಟು ದೊಡ್ಡ ಮನಸು!” ಎಂದು ಮುದುಕರೊಬ್ಬರು ನನ್ನ ಬೆನ್ನು ತಟ್ಟಿದರು. ಹಾಗಲ್ಲ ಎನ್ನಲು ಬಾಯಿ ತೆರೆದೆ — ಅಷ್ಟರಲ್ಲಿ ಅಜಾನ್ ಆಯಿತು, ಎಲ್ಲರೂ ಖರ್ಜೂರಕ್ಕೆ ಕೈ ಹಾಕಿದರು, ನನ್ನ ಬಾಯಿ ಮುಚ್ಚಿಕೊಂಡಿತು. ಹೆಂಗಸರ ಸಾಲಿನಿಂದ ಖಾಲಾ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಒಪ್ಪಿಕೊಳ್ಳಲು ಬಂದವನು ಇನ್ನಷ್ಟು ಹೊಗಳಿಕೆ ಹೊತ್ತುಕೊಂಡು ಹೋಗುತ್ತಿದ್ದ.

ಅದಕ್ಕೇ ಇದನ್ನು ಬರೆದಿದ್ದೇನೆ. ಆ ಓಣಿಯಲ್ಲಿ ಇದನ್ನು ನಾನೇ ನಿಂತು ಓದುತ್ತೇನೆ. ಖಾಲಾ ತಾವು ಉಪವಾಸದಿಂದ ಗಳಿಸಿದ ಪುಣ್ಯವನ್ನೆಲ್ಲ ಇಷ್ಟು ವರ್ಷ ನನ್ನ ಹೆಸರಿಗೆ ಹಾಕಿ ಊರಿಗೆ ಹೇಳಿದರು, ನಾನು ಹಾಕಿಸಿಕೊಂಡೆ. ಸನಾ, ನಿನಗೆ ತಿಳಿಯುವ ವಯಸ್ಸು ಬಂದಾಗ ಇಷ್ಟು ನೆನಪಿಡು: ಮೈಯಲ್ಲಿ ಕಾಯಿಲೆ ಇಟ್ಟುಕೊಂಡು ಹಸಿದು ನಿನ್ನನ್ನು ಬೇಡಿದವರು ನಿನ್ನ ಅವ್ವನ ಅವ್ವ, ನಿನ್ನ ನಾನಿ. ನಾನು ಅವರ ಪಕ್ಕದಲ್ಲೇ ಕೂತು ನನಗಾಗಿ ಬೇಡಿಕೊಳ್ಳುತ್ತಿದ್ದೆ.